ಹೊಲಿಗೆಯೊಳಗೆ ಎರಡು ಇಂಚು

ಅಕ್ಕನ ರವಿಕೆಗೆ ಒಂದೂವರೆ ಮೀಟರು ಬಟ್ಟೆ ಬೇಕಾಗುತ್ತಿತ್ತು. ಎದೆಯ ಸುತ್ತಳತೆ ಐವತ್ತೆರಡು ಇಂಚು, ತೋಳಿನ ಸುತ್ತು ಇಪ್ಪತ್ತು. ರಾಜಾಜಿನಗರದ ನಮ್ಮ ಮನೆಯ ಮುಂದಿನ ಕೋಣೆಯಲ್ಲಿ ನಾನು ಹೊಲಿಗೆ ಮಷಿನ್ ಹಾಕಿಕೊಂಡ ಮೇಲೆ ಅವಳು ಬೇರೆ ಯಾರ ಹತ್ತಿರವೂ ಹೊಲಿಸಲಿಲ್ಲ. ಅದಕ್ಕೆ ಮೊದಲು ಮುಖ್ಯರಸ್ತೆಯ ಟೈಲರ್ ಒಬ್ಬನ ಅಂಗಡಿಗೆ ಹೋಗುತ್ತಿದ್ದಳು. ಒಂದು ದಿನ ಅವನು ಅಳತೆಗೆ ಕೊಟ್ಟ ರವಿಕೆಯನ್ನು ಮೇಜಿನ ಮೇಲೆ ಹರಡಿ, ಅಂಗಡಿಯಲ್ಲಿದ್ದವರಿಗೆಲ್ಲ ಕೇಳುವ ಹಾಗೆ, "ಇದು ಬ್ಲೌಸೋ ಶಾಮಿಯಾನವೋ ಮೇಡಂ?" ಅಂದ. ಎಲ್ಲರೂ ನಕ್ಕರು. ಅಕ್ಕನೂ ನಕ್ಕಳಂತೆ. ಬಟ್ಟೆ ವಾಪಸು ತೆಗೆದುಕೊಂಡು ನಮ್ಮ ಮನೆಗೆ ಬಂದು, ಒಂದು ಲೋಟ ನೀರು ಕುಡಿದು, ಆಮೇಲೆ ಅತ್ತಳು.

ಇದೆಲ್ಲ ಎಪ್ಪತ್ತರ ದಶಕದ ನಡುವಿನ ಮಾತು. ಆ ಟೈಲರನ ವಿಷಯ ಮೊದಲೇ ಹೇಳಿದ್ದಕ್ಕೆ ಕಾರಣವಿದೆ. ಅವನು ಮತ್ತೆ ಬರುತ್ತಾನೆ.

ಅಕ್ಕ ಮಾಗಡಿ ರಸ್ತೆಯ ಕಡೆಯ ಒಂದು ಶಾಲೆಯಲ್ಲಿ ಮೂರನೇ ಕ್ಲಾಸಿನ ಟೀಚರು. ಮನೆ ವಿಜಯನಗರದ ಒಂದು ವಠಾರದಲ್ಲಿ. ಗಂಡ ಸರ್ಕಾರಿ ಕಚೇರಿಯ ಗುಮಾಸ್ತ, ಜೊತೆಗೆ ಅತ್ತೆ, ಮದುವೆಗಿದ್ದ ಒಬ್ಬ ನಾದಿನಿ. ಮಕ್ಕಳಿರಲಿಲ್ಲ. ಭಾನುವಾರ ನನ್ನ ಹತ್ತಿರ ಬಂದು ಹುಕ್ಕು ಹಾಕಿ, ಅದನ್ನು ಸಿಕ್ಕಿಸುವ ಕಾಜಾ ಕಟ್ಟಿಕೊಡುತ್ತಿದ್ದಳು. ಅವಳ ಕಾಜಾ ನನ್ನದಕ್ಕಿಂತ ಚೆನ್ನಾಗಿರುತ್ತಿತ್ತು, ಇರುವೆ ಸಾಲಿನ ಹಾಗೆ ಒತ್ತೊತ್ತಾಗಿ.

ಅವಳ ಹತ್ತಿರ ಒಂದು ಟ್ರಂಕು ತುಂಬ ರವಿಕೆ ಕಣಗಳಿದ್ದವು. ಅರಿಶಿನ ಕುಂಕುಮಕ್ಕೆ ಕರೆದವರು ಎಲೆ ಅಡಿಕೆಯ ಜೊತೆ ಕಣ ಕೊಡುತ್ತಾರೆ. ಮುಕ್ಕಾಲು ಮೀಟರು, ಹೆಚ್ಚೆಂದರೆ ಮುಕ್ಕಾಲಿನ ಮೇಲೆ ನಾಲ್ಕು ಬೆರಳು. ಅದರಲ್ಲಿ ಅಕ್ಕನಿಗೆ ಅರ್ಧ ರವಿಕೆ ಆಗುತ್ತಿತ್ತು ಅಷ್ಟೇ. ಬೇರೆಯವರಾಗಿದ್ದರೆ ಬಂದ ಕಣವನ್ನು ಇನ್ನೊಬ್ಬರಿಗೆ ದಾಟಿಸುತ್ತಿದ್ದರು. ಅಕ್ಕ ಇಷ್ಟವಾದದ್ದನ್ನೆಲ್ಲ ಮಡಿಸಿ ಇಟ್ಟುಕೊಂಡಳು. ನಮ್ಮಮ್ಮ ತನ್ನ ಕೊನೆಯ ಗೌರಿ ಹಬ್ಬಕ್ಕೆ ಬಾಗಿನದ ಜೊತೆ ಕೊಟ್ಟ ಹಸಿರು ರೇಷ್ಮೆ ಕಣ ಎಲ್ಲಕ್ಕಿಂತ ಕೆಳಗೆ, ಪತ್ರಿಕೆಯ ಹಾಳೆಯಲ್ಲಿ ಸುತ್ತಿಟ್ಟದ್ದು. "ಒಂದಿನ ಆಗತ್ತೆ ಬಿಡೇ" ಅನ್ನುತ್ತಿದ್ದಳು.

ನನ್ನ ಕೆಲಸದಲ್ಲಿ ಒಂದು ಪದ್ಧತಿಯಿತ್ತು. ಯಾರ ರವಿಕೆಯಾದರೂ ಪಕ್ಕದ ಹೊಲಿಗೆಯ ಒಳಗೆ ಎರಡು ಇಂಚು ಬಟ್ಟೆ ಬಿಡುತ್ತಿದ್ದೆ. ಹೆಂಗಸರ ಮೈ ಒಂದೇ ತರಹ ಇರುವುದಿಲ್ಲ, ಬಸಿರು, ಬಾಣಂತನ, ಜ್ವರ. ಬಟ್ಟೆ ಒಳಗಿದ್ದರೆ ಹೊಲಿಗೆ ಬಿಚ್ಚಿ ಅಗಲ ಮಾಡಿಕೊಡಬಹುದು. ಕತ್ತರಿಸಿ ಎಸೆದರೆ ಮುಗಿಯಿತು. ಹೊಲಿಗೆ ಕ್ಲಾಸಿನ ಟೀಚರು ಮೊದಲ ವಾರವೇ ಕಲಿಸಿದ್ದು ಇದನ್ನು. ಇಷ್ಟು ಸರಳವಾದ ವಿಷಯದಿಂದ ನಾನು ಏನು ಮಾಡಿದೆ ಅನ್ನುವುದನ್ನು ಮುಂದೆ ಹೇಳುತ್ತೇನೆ.

ಆ ವರ್ಷ ಶಾಲೆಯಲ್ಲಿ ಮೂರನೇ ಕ್ಲಾಸನ್ನು ಮಹಡಿಗೆ ಹಾಕಿದರು. ಅಕ್ಕನಿಗೆ ಮಂಡಿನೋವು. ನಾಲ್ಕು ಮೆಟ್ಟಿಲಿಗೊಮ್ಮೆ ನಿಂತು ಉಸಿರು ತೆಗೆದುಕೊಳ್ಳಬೇಕು. ಕೆಳಗೇ ಇರಲಿ ಅಂತ ಕೇಳಿದ್ದಕ್ಕೆ ಹೆಡ್‌ಮಿಸ್ಟ್ರೆಸ್ಸು, "ನಿಮ್ಮೊಬ್ಬರಿಗೋಸ್ಕರ ಸ್ಕೂಲು ಬದಲಾಯಿಸಕ್ಕಾಗಲ್ಲ ರೀ, ನೀವೇ ಸ್ವಲ್ಪ ಬದಲಾಗಿ" ಅಂದರಂತೆ. ಬಸ್ಸಿನಲ್ಲಿ ಕಂಡಕ್ಟರು ದಿನಾ ಒಂದೇ ಜೋಕು ಮಾಡುತ್ತಿದ್ದ: "ಎರಡು ಟಿಕೆಟ್ ಕೊಡ್ಲಾ ಟೀಚರ್?" ಒಪ್ಪತ್ತು ಮಾಡಿದಳು. ರಾಗಿ ಗಂಜಿ, ಬಿಸಿನೀರಿಗೆ ನಿಂಬೆಹಣ್ಣು, ಯಾರು ಏನು ಹೇಳಿದರೆ ಅದು. ಒಂದು ಇಂಚು ಇಳಿದರೆ ಎರಡು ಏರುತ್ತಿತ್ತು. ಅವಳ ಅತ್ತೆ ಅದಕ್ಕೂ, "ಕದ್ದು ತಿಂತಾಳೆ" ಅನ್ನುತ್ತಿದ್ದರು. ಅವಳು ಕದ್ದು ತಿನ್ನುತ್ತಿರಲಿಲ್ಲ. ನನಗೆ ಗೊತ್ತು.

ಭಾವನ ಕಚೇರಿಯ ಸಾಹೇಬರು ಒಬ್ಬ ಸರ್ಜನ್ನಿನ ವಿಷಯ ಹೇಳಿದರು. ವಿದೇಶದಲ್ಲಿ ಕಲಿತು ಬಂದವರು, ದಪ್ಪ ಇಳಿಸುವುದಕ್ಕೆ ಹೊಟ್ಟೆಯ ಆಪರೇಷನ್ ಮಾಡುತ್ತಾರೆ ಅಂತ. ಅಕ್ಕ ನನ್ನನ್ನೂ ಜೊತೆಗೆ ಕರೆದುಕೊಂಡು ಹೋದಳು. ಡಾಕ್ಟರು ಒಂದು ಹಾಳೆಯ ಮೇಲೆ ಸುರುಳಿ ಸುರುಳಿಯಾಗಿ ಕರುಳಿನ ಚಿತ್ರ ಬರೆದರು. ಇಪ್ಪತ್ತು ಅಡಿಗೂ ಮೇಲಿನ ಸಣ್ಣ ಕರುಳಿನಲ್ಲಿ ಮೊದಲ ಹದಿನಾಲ್ಕು ಇಂಚನ್ನು ಕೊನೆಯ ನಾಲ್ಕು ಇಂಚಿಗೆ ಜೋಡಿಸುವುದು. ಊಟ ಹದಿನೆಂಟು ಇಂಚಿನಲ್ಲಿ ದಾಟಿ ಹೋಗುತ್ತದೆ, ಮೈಗೆ ಹಿಡಿಯುವುದಿಲ್ಲ.

"ಮಿಕ್ಕಿದ್ದು?" ಅಂತ ಅಕ್ಕ ಕೇಳಿದಳು.

"ಅದನ್ನ ತೆಗೆಯಲ್ಲಮ್ಮ. ಒಳಗೇ ಸುಮ್ನೆ ಇರುತ್ತೆ. ತೊಂದ್ರೆ ಅಂತ ಬಂದ್ರೆ ಮತ್ತೆ ಜೋಡಿಸಬಹುದು."

ಹೊರಗೆ ಬಂದು ಬಸ್ ಸ್ಟಾಪಿನಲ್ಲಿ ನಿಂತಾಗ ಅಕ್ಕ ನನ್ನ ಕಡೆ ತಿರುಗಿದಳು. "ಏನೇ ಮಾಡ್ಲಿ?" ಅಂದಳು. ನಾನು ಹೇಳಿದೆ: "ನಾನು ಹೊಲಿಗೆ ಒಳಗೆ ಬಟ್ಟೆ ಬಿಡಲ್ವಾ, ಹಂಗೇ ಅಕ್ಕ. ಬೇಡ ಅನ್ಸಿದ್ರೆ ಬಿಚ್ಚಿಸ್ಕೊಂಡ್ರಾಯ್ತು."

ಅವಳ ಮುಖ ತಿಳಿಯಾಯಿತು. ಅಲ್ಲೇ ಅವಳು ನಿರ್ಧಾರ ಮಾಡಿದ್ದು. ಡಾಕ್ಟರ ಮಾತಿನಿಂದಲ್ಲ, ನನ್ನ ಮಾತಿನಿಂದ. ಕರುಳಿನ ವಿಷಯ ನನಗೇನು ಗೊತ್ತಿತ್ತು? ಎಸ್.ಎಸ್.ಎಲ್.ಸಿ. ಪಾಸು, ಹೊಲಿಗೆ ಡಿಪ್ಲೊಮಾ. ಬಾಯಿಗೆ ಬಂದದ್ದನ್ನು ಹೇಳಿಬಿಟ್ಟೆ.

ಆಪರೇಷನ್ ಆಯಿತು. ಹೊಕ್ಕುಳಿನ ಮೇಲಿಂದ ಕೆಳಗಿನವರೆಗೆ ಹೊಲಿಗೆ. ಮೂರು ವಾರದ ಮೇಲೆ ಮನೆಗೆ ಕಳಿಸುವಾಗ ಒಂದು ಹಾಳೆ ಕೊಟ್ಟರು, ಇಂಗ್ಲಿಷಿನಲ್ಲಿ ಟೈಪು ಮಾಡಿದ್ದು. ಡಾಕ್ಟರು ಅವಸರದಲ್ಲಿದ್ದರು. ಬಾಗಿಲ ಹತ್ತಿರ ನಿಂತೇ, "ಬಾಳೆಹಣ್ಣು, ಎಳನೀರು, ಉಪ್ಪು ಹಾಕಿದ ಮಜ್ಜಿಗೆ ಬಿಡಬೇಡಿ, ಮಾತ್ರೆ ತಪ್ಪಿಸಬೇಡಿ" ಅಂದು ಹೋದರು. ಯಾಕೆ ಅಂತ ಹೇಳಲಿಲ್ಲ. ಹೇಳಿದ್ದರೆ ಸಾಕಿತ್ತು.

ಮನೆಯಲ್ಲಿ ಅತ್ತೆ ಪಥ್ಯ ಶುರು ಮಾಡಿದರು. ಬಾಣಂತಿಗೆ ಮಾಡುವ ಹಾಗೆ. ಹೊಟ್ಟೆ ಕುಯ್ದವರಿಗೆ ಬಾಳೆಹಣ್ಣು ಶೀತ, ಎಳನೀರು ಶೀತ, ಮಜ್ಜಿಗೆ ಕೊಟ್ಟರೆ ಹೊಲಿಗೆ ಕೀವು ಕಟ್ಟುತ್ತದೆ, ನೀರು ಜಾಸ್ತಿ ಕುಡಿದರೆ ಹೊಟ್ಟೆ ಊದುತ್ತದೆ. ಬಿಸಿ ಅನ್ನ, ಮೆಣಸಿನ ಸಾರು, ಬೆಳ್ಳುಳ್ಳಿ. ಉಪ್ಪು ಅರ್ಧ. "ಡಾಕ್ಟ್ರು ಹೇಳಿದಾರಲ್ಲಮ್ಮ" ಅಂತ ನಾನು ಅಂದೆ. "ಡಾಕ್ಟ್ರಿಗೇನ್ ಗೊತ್ತು ಬಾಣಂತನ? ನಾನು ಐದು ಜನಕ್ಕೆ ಮಾಡಿದೀನಿ, ಒಬ್ಬರಿಗೂ ಏನೂ ಆಗಿಲ್ಲ" ಅಂದರು. ಪ್ರೀತಿಯಿಂದಲೇ ಮಾಡಿದರು. ಅದೇ ನನಗೆ ಇವತ್ತಿಗೂ ಸಹಿಸಲು ಆಗದ್ದು. ದ್ವೇಷದಿಂದ ಮಾಡಿದ್ದರೆ ಜಗಳವಾಡಿ ಅಕ್ಕನನ್ನು ನಮ್ಮ ಮನೆಗೆ ಎಳೆದುಕೊಂಡು ಬರುತ್ತಿದ್ದೆ. ಮೂರು ತಿಂಗಳು ಮುಗಿದ ಮೇಲೂ ಪಥ್ಯ ನಿಲ್ಲಲಿಲ್ಲ. ಸಣ್ಣಗಾಗುತ್ತಿದ್ದಾಳೆ, ಪಥ್ಯ ಕೆಲಸ ಮಾಡುತ್ತಿದೆ ಅಂದುಕೊಂಡರು.

ಭೇದಿಯ ವಿಷಯ ಯಾರೂ ಮೊದಲೇ ಹೇಳಿರಲಿಲ್ಲ. ದಿನಕ್ಕೆ ಹನ್ನೆರಡು ಸಲ, ಹದಿನೈದು ಸಲ. ವಠಾರದ ಕಕ್ಕಸು ಹಿತ್ತಲಿನ ಕೊನೆಯಲ್ಲಿ, ಆರು ಮನೆಗೆ ಒಂದು. ನಲ್ಲಿ ನೀರು ಬೆಳಿಗ್ಗೆ ಎರಡು ಗಂಟೆ ಮಾತ್ರ. ಅಕ್ಕ ಬಕೆಟ್ಟು ಹಿಡಿದು ಹೋಗುವಾಗ ಸಾಲಿನಲ್ಲಿ ನಿಂತವರು ಮುಖ ತಿರುಗಿಸುತ್ತಿದ್ದರು. ಶಾಲೆಯಲ್ಲಿ ಟೀಚರುಗಳಿಗೆ ಕಕ್ಕಸೇ ಇರಲಿಲ್ಲ. ಅದಕ್ಕೆ ಅವಳು ಒಂದು ಉಪಾಯ ಕಂಡುಕೊಂಡಳು: ಬೆಳಿಗ್ಗೆ ಏನನ್ನೂ ಬಾಯಿಗೆ ಹಾಕುವುದಿಲ್ಲ, ನೀರು ಸಹ. ಸಂಜೆ ನಾಲ್ಕೂವರೆಗೆ ಮನೆಗೆ ಬಂದು ಊಟ. ಮೈಯಲ್ಲಿ ನಿಲ್ಲದೆ ಹೋಗುವುದು ಒಂದು ಕಡೆ, ಒಳಗೆ ಹಾಕದೆ ಇರುವುದು ಇನ್ನೊಂದು ಕಡೆ. ಆದರೂ ಮಹಡಿ ಹತ್ತುತ್ತಿದ್ದಳು, ನಿಲ್ಲದೆ. "ಒಂದೇ ಉಸಿರಿಗೆ ಹತ್ತಿದೆ ಕಣೇ!" ಅಂತ ಹೇಳುವುದಕ್ಕೇ ಒಂದು ದಿನ ಬಸ್ಸು ಹಿಡಿದು ನಮ್ಮ ಮನೆಗೆ ಬಂದಿದ್ದಳು.

ನನ್ನ ಕೆಲಸ ಇದ್ದದ್ದು ರವಿಕೆ ಚಿಕ್ಕದು ಮಾಡುವುದರಲ್ಲಿ. ಮೊದಲ ಮೂರು ತಿಂಗಳಿಗೆ ಎದೆ ನಲವತ್ತಾರು, ತೋಳು ಹದಿನೇಳು. ಆರು ತಿಂಗಳಿಗೆ ನಲವತ್ತೊಂದು, ಹದಿನಾಲ್ಕು. ಪಕ್ಕದ ಹೊಲಿಗೆ ಬಿಚ್ಚಿ, ಒಳಗೆ ಸರಿಸಿ, ಮತ್ತೆ ಹೊಲಿಯುವುದು. ಎರಡು ಸಲ ಹೀಗೆ ಮಾಡಬಹುದು. ಮೂರನೆಯ ಸಲಕ್ಕೆ ಕಂಕುಳ ಜಾಗದಲ್ಲಿ ಬಟ್ಟೆ ಗುಡ್ಡೆಯಾಗುತ್ತದೆ, ಭುಜ ಜಾರುತ್ತದೆ, ಪೂರ್ತಿ ಬಿಚ್ಚಿ ಹೊಸದಾಗಿ ಕತ್ತರಿಸಬೇಕು. ಅಕ್ಕನ ಹದಿನಾಲ್ಕು ರವಿಕೆ ಹಾಗೆ ಬಿಚ್ಚಿದೆ. ಉಳಿದ ಬಟ್ಟೆಯಲ್ಲಿ ಮಷಿನ್ನಿಗೆ ಹೊದಿಕೆ ಹೊಲಿದುಕೊಂಡೆ.

ಎಲ್ಲರಿಗೂ ಸಂತೋಷ. ಅದು ಎಂಥ ಸಂತೋಷ ಅಂತ ನನಗೆ ಈಗಲೂ ಅರ್ಥವಾಗುವುದಿಲ್ಲ. ನನ್ನ ಗಿರಾಕಿಗಳು ಡಾಕ್ಟರ ವಿಳಾಸ ಕೇಳಿದರು. ಹೆಡ್‌ಮಿಸ್ಟ್ರೆಸ್ಸು ಸ್ಟಾಫ್ ರೂಮಿನಲ್ಲಿ ಎಲ್ಲರ ಮುಂದೆ ಮೈಸೂರು ಪಾಕು ಹಂಚಿ, "ನೋಡಿ, ಮನಸ್ಸು ಮಾಡಿದ್ರೆ ಆಗುತ್ತೆ" ಅಂದರಂತೆ. ಕಂಡಕ್ಟರು, "ಅರ್ಧ ಟಿಕೆಟ್ ಕೊಡ್ಲಾ ಟೀಚರ್?" ಅಂದ. ಅಕ್ಕ ಅದನ್ನು ಹೇಳಿ ಹೇಳಿ ನಕ್ಕಳು. ಅವನ ಮೊದಲಿನ ಜೋಕನ್ನು ಮರೆತೇಬಿಟ್ಟಿದ್ದಳು.

ಹತ್ತನೆಯ ತಿಂಗಳಲ್ಲಿ ಒಂದು ಭಾನುವಾರ ಕಾಜಾ ಕಟ್ಟಲು ಕುಳಿತವಳ ಬೆರಳುಗಳು ಸೆಟೆದುಕೊಂಡವು. ಸೂಜಿ ಕೆಳಗೆ ಬಿತ್ತು. ಅವಳೇ ಇನ್ನೊಂದು ಕೈಯಿಂದ ಬೆರಳು ಬಿಡಿಸಿ, "ಚಳಿ ಇರ್ಬೇಕು" ಅಂದಳು. ಚಳಿಗಾಲವಲ್ಲ. ಅವಳು ಕಟ್ಟಿದ್ದ ಒಂದು ಕಾಜಾ ನೋಡಿದೆ, ಎಳೆಗಳು ಎಲ್ಲೆಂದರಲ್ಲಿ ಹೋಗಿದ್ದವು. ಬಾಚಿದರೆ ಕೂದಲು ಹಿಡಿಹಿಡಿಯಾಗಿ ಬರುತ್ತಿತ್ತು. ಬಳೆಗಳು ಮೊಣಕೈವರೆಗೆ ಜಾರುತ್ತಿದ್ದವು. ನಾನು ಟೇಪು ತೆಗೆದುಕೊಂಡು, ರವಿಕೆಗೆ ಬೇಕಿಲ್ಲದ ಅಳತೆಗಳನ್ನೂ ತೆಗೆದು ಪುಸ್ತಕದಲ್ಲಿ ಬರೆದೆ. ಎದೆ ಮೂವತ್ತೇಳು, ತೋಳು ಹತ್ತು. ಮಣಿಕಟ್ಟು ಐದು. ಕಾಲಿನ ಗಂಟು ಮಾತ್ರ ಹನ್ನೊಂದು. ಎಲ್ಲ ಕಡೆ ಇಳಿಯುತ್ತಿರುವಾಗ ಕಾಲು ಯಾಕೆ ದಪ್ಪವಾಗುತ್ತದೆ?

ಮಾರನೆಯ ದಿನ ಯಾರಿಗೂ ಹೇಳದೆ ಅವಳಿಗೆ ಶಾಲೆಗೆ ರಜೆ ಹಾಕಿಸಿ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಅವರು ತೂಕದ ಕಾರ್ಡು ನೋಡಿ, "ವೆರಿ ಗುಡ್" ಅಂದರು. ನಾನು ನನ್ನ ಅಳತೆ ಪುಸ್ತಕವನ್ನು ಅವರ ಮೇಜಿನ ಮೇಲೆ ತೆರೆದಿಟ್ಟೆ. "ಎದೆ ಇಳಿದಿದ್ದು ಸರಿ ಸಾರ್. ಮಣಿಕಟ್ಟು ಯಾಕೆ ಇಳೀತು? ಕಾಲು ಯಾಕೆ ಊದಿದೆ?"

ಅವರು ಪುಟಗಳನ್ನು ತಿರುವಿ ನೋಡಿದರು. ಎದ್ದು ಬಂದು ಅಕ್ಕನ ಮುಂಗಾಲನ್ನು ಹೆಬ್ಬೆರಳಿನಿಂದ ಒತ್ತಿದರು. ಬೆರಳು ತೆಗೆದರೂ ಗುಳಿ ಹಾಗೇ ಉಳಿಯಿತು. ಕಣ್ಣಿನ ರೆಪ್ಪೆ ಎತ್ತಿ ನೋಡಿದರು. ರಕ್ತ ತೆಗೆಸಿದರು.

"ಬಾಳೆಹಣ್ಣು, ಎಳನೀರು ಕೊಡ್ತಿದೀರಾ?"

ಅಕ್ಕ ನನ್ನ ಮುಖ ನೋಡಿದಳು. "ಮನೇಲಿ ಪಥ್ಯ, ಸಾರ್."

"ಯಾರ್ರೀ ನಿಮಗೆ ಪಥ್ಯ ಹೇಳಿದ್ದು? ಭೇದೀಲಿ ಹೋಗೋ ಲವಣ ಎಲ್ಲ ಅದರಿಂದಲೇ ವಾಪಸ್ ಬರಬೇಕು. ಬರೆದು ಕೊಟ್ಟಿರಲಿಲ್ವಾ?"

"ಇಂಗ್ಲಿಷಲ್ಲಿ ಬರೆದಿದ್ರಿ" ಅಂದೆ. ನನ್ನ ದನಿ ನನಗೇ ಜೋರಾಗಿ ಕೇಳಿಸಿತು. "ಭೇದಿ ಇಷ್ಟಾಗುತ್ತೆ ಅಂತ ಬರೆದೂ ಇರಲಿಲ್ಲ, ಹೇಳೂ ಇರಲಿಲ್ಲ. ಹತ್ತು ತಿಂಗಳು ನೀವು ತೂಕ ಒಂದೇ ನೋಡಿದ್ರಿ."

ಅವರು ತೂಕದ ಕಾರ್ಡನ್ನು ಪಕ್ಕಕ್ಕೆ ಸರಿಸಿದರು. ಲಿವರ್ ಕೆಡುತ್ತಿದೆ, ಕೂಡಲೇ ಅಡ್ಮಿಟ್ ಮಾಡಿ ಎರಡು ವಾರ ಶಕ್ತಿ ತುಂಬಿಸಬೇಕು, ಆಮೇಲೆ ಕರುಳನ್ನು ಮೊದಲಿನ ಹಾಗೆ ಜೋಡಿಸಬೇಕು ಅಂದರು. ತಡ ಮಾಡಬೇಡಿ ಅಂತ ಎರಡು ಸಲ ಹೇಳಿದರು. ಮತ್ತೆ ದಪ್ಪ ಆಗ್ತೀನಾ ಅಂತ ಅಕ್ಕ ಕೇಳಿದಳು. ಆಗ್ತೀರಿ ಅಂದರು.

ನಾದಿನಿಯ ಮದುವೆಗೆ ಐದು ವಾರ ಇತ್ತು. ಆ ಸಂಜೆ ವಿಜಯನಗರದ ಮನೆಯಲ್ಲಿ ಎಲ್ಲರ ಮುಂದೆ ಹೇಳಿದೆ. ಅತ್ತೆ, "ಹಿರೀ ಸೊಸೆ ಇಲ್ದೆ ಧಾರೆ ಎರೆಯೋದಾ? ಬೀಗರು ಏನಂತಾರೆ? ಒಂದು ತಿಂಗಳಲ್ಲಿ ಏನಾಗೋಗುತ್ತೆ? ಓಡಾಡ್ಕೊಂಡು ಚೆನ್ನಾಗೇ ಇದಾಳಲ್ಲ" ಅಂದರು. ಭಾವ ಕಿಟಕಿಯ ಕಡೆ ನೋಡುತ್ತ, "ಅವಳು ಹೇಗೆ ಹೇಳ್ತಾಳೋ ಹಾಗೆ" ಅಂದರು. ಒಳ್ಳೆಯ ಮನುಷ್ಯ. ಆ ಒಂದು ವಾಕ್ಯಕ್ಕೆ ನಾನು ಅವರನ್ನು ಕ್ಷಮಿಸಿಲ್ಲ.

ಅಕ್ಕ ಮದುವೆ ಮುಗಿಯಲಿ ಅಂದಳು.

ಎರಡು ದಿನ ಬಿಟ್ಟು ಅವಳು ನಮ್ಮ ಮನೆಗೆ ಬಂದಳು. ಚೀಲದಿಂದ ಹಳೆಯ ಪತ್ರಿಕೆಯ ಪೊಟ್ಟಣ ತೆಗೆದು ಬಿಚ್ಚಿದಳು. ಅಮ್ಮನ ಹಸಿರು ಕಣ.

"ಈಗ ಸಾಕಾಗುತ್ತೆ ಅಲ್ವೇನೇ? ಧಾರೆಗೆ ಹಾಕ್ಕೊಳ್ತೀನಿ. ಆಮೇಲೆ ನೀನು ಎಲ್ಲಿಗೆ ಕರೀತೀಯೋ ಅಲ್ಲಿಗೆ ಬರ್ತೀನಿ."

"ಹೊಲಿಯಲ್ಲ."

"ಏನಂದೆ?"

"ನಾಳೆ ಆಸ್ಪತ್ರೆಗೆ ಸೇರ್ಕೋ. ವಾಪಸ್ ಬಂದ್ಮೇಲೆ ಎಷ್ಟು ದಪ್ಪ ಇರ್ತೀಯೋ ಅಷ್ಟಕ್ಕೆ ಹೊಲ್ಕೊಡ್ತೀನಿ. ಇನ್ನು ನಿನ್ನ ರವಿಕೇನ ಒಂದು ಇಂಚೂ ಚಿಕ್ಕದು ಮಾಡಲ್ಲ."

ಅವಳ ಮುಖ ಬಿಗಿಯಾಯಿತು. "ನಿನಗೇನೇ ಗೊತ್ತು? ನಿನ್ನನ್ನ ಯಾರಾದ್ರೂ ಬಸ್ಸಲ್ಲಿ ನೋಡಿ ನಕ್ಕಿದಾರಾ? ಮೂವತ್ತೆಂಟು ವರ್ಷಕ್ಕೆ ಮೊದಲನೇ ಸಲ ನನ್ನ ಅತ್ತೆ ನನ್ನನ್ನ ನೆಂಟರ ಮುಂದೆ ಕರೆದು ನಿಲ್ಲಿಸ್ತಾರೆ. ಒಂದು ದಿನ. ಒಂದೇ ಒಂದು ದಿನ ಕೇಳ್ತಿದೀನಿ."

"ಸತ್ತೋಗ್ತೀಯ ಅಕ್ಕ."

"ಸಾಯೋರು ಮೆಟ್ಟಿಲು ಹತ್ತಲ್ಲ ಕಣೇ" ಅಂದಳು. ಕಣವನ್ನು ಮಡಿಸಿ ಚೀಲದಲ್ಲಿಟ್ಟುಕೊಂಡು ಹೋದಳು.

ನಾನು ಹೊಲಿಯದಿದ್ದರೆ ಅವಳು ಆಸ್ಪತ್ರೆಗೆ ಬರುತ್ತಾಳೆ ಅಂದುಕೊಂಡಿದ್ದೆ. ಅವಳಿಗೆ ಬೇರೆ ಯಾರೂ ಹೊಲಿಯುವುದಿಲ್ಲ ಅನ್ನುವುದು ನನ್ನ ತಲೆಯಲ್ಲಿ ಹಾಗೇ ಕೂತಿತ್ತು. ಈಗ ಯಾರು ಬೇಕಾದರೂ ಹೊಲಿಯಬಹುದಿತ್ತು. ಅವಳು ಆ ಮುಖ್ಯರಸ್ತೆಯ ಟೈಲರನ ಹತ್ತಿರವೇ ಹೋದಳು. ಅವನು ಗುರುತು ಹಿಡಿಯಲಿಲ್ಲವಂತೆ. "ಮೂವತ್ತಾರು, ಕರೆಕ್ಟ್ ಸೈಜು ಮೇಡಂ" ಅಂದನಂತೆ. ಇದನ್ನು ಅವಳು ಧಾರೆಯ ದಿನ ಛತ್ರದ ಅಡುಗೆಮನೆಯ ಬಾಗಿಲಲ್ಲಿ ನನಗೆ ಹೇಳಿದಳು. ಹಸಿರು ರವಿಕೆ ಮೈಗೆ ಅಚ್ಚು ಹಾಕಿದ ಹಾಗೆ ಕೂತಿತ್ತು. ಮುಖದ ಅರಿಶಿನದ ಕೆಳಗೆ ಇನ್ನೊಂದು ಹಳದಿ ಇತ್ತು. ಕಣ್ಣಿನಲ್ಲೂ ಇತ್ತು. ನೆಂಟರು ಒಬ್ಬರಾದ ಮೇಲೆ ಒಬ್ಬರು ಬಂದು ಗಲ್ಲ ಹಿಡಿದು, "ಎಷ್ಟು ಲಕ್ಷಣವಾಗಿ ಆಗಿದೀಯಮ್ಮ" ಅಂದರು. ಒಬ್ಬರೂ ಆ ಕಣ್ಣು ನೋಡಲಿಲ್ಲ. ನಾನು ನೋಡಿದೆ, ಆದರೆ ಕೋಪದಲ್ಲಿದ್ದೆ, ಅವಳಿಗೆ ಸರಿಯಾಗಿ ಉತ್ತರವನ್ನೂ ಕೊಡಲಿಲ್ಲ. ಊಟ ಮಾಡದೆ ಬಂದುಬಿಟ್ಟೆ.

ಮದುವೆ ಮುಗಿದ ಆರನೆಯ ದಿನ, ನನ್ನ ಕೋಪ ಇಳಿಯುವ ಮೊದಲೇ, ಶಾಲೆಯ ಮಹಡಿಯ ಮೆಟ್ಟಿಲ ಮೇಲೆ ಕುಸಿದಳು.

ಒಂಬತ್ತು ದಿನ ಆಸ್ಪತ್ರೆ. ಎರಡು ಕೈಗೂ ಒಂದಾದ ಮೇಲೊಂದು ಬಾಟಲಿ ಗ್ಲೂಕೋಸು. ಹೊಟ್ಟೆಯಲ್ಲಿ ನೀರು ತುಂಬಿ ಬಿಗಿದುಕೊಂಡಿತು. ಕೈಗಳೂ ಊದಿದವು. ಅತ್ತೆ ಈಗ ದಿನಾ ಎಳನೀರು ತರುತ್ತಿದ್ದರು. ಕುಡಿಯುವುದಕ್ಕೆ ಆಗುತ್ತಿರಲಿಲ್ಲ. ಡಾಕ್ಟರು ಈ ಸ್ಥಿತಿಯಲ್ಲಿ ಮತ್ತಿನ ಔಷಧ ಕೊಟ್ಟರೆ ತಡೆಯುವುದಿಲ್ಲ, ಮತ್ತೆ ತೆರೆಯಲು ಸಾಧ್ಯವಿಲ್ಲ ಅಂದರು. ಏಳನೆಯ ದಿನ ಅಕ್ಕ ಸ್ವಲ್ಪ ಎಚ್ಚರವಾಗಿದ್ದಳು. ನನ್ನ ಸೆರಗು ಹಿಡಿದು ಎಳೆದಳು.

"ಬಿಚ್ಚೋಕೆ ಹೇಳೇ ಅವರಿಗೆ. ಒಳಗೇ ಇದೆ ಅಂತ ನೀನೇ ಹೇಳಿದ್ಯಲ್ಲ."

"ಹೇಳ್ತೀನಿ ಅಕ್ಕ" ಅಂದೆ.

ಒಂಬತ್ತನೆಯ ದಿನ ಬೆಳಿಗ್ಗೆ ಹೋದಳು.

ಮನೆಗೆ ತಂದು ಹಜಾರದಲ್ಲಿ ಮಲಗಿಸಿದರು. ಮುತ್ತೈದೆ ಸಾವು, ಹೊಸ ಸೀರೆ ಉಡಿಸಿ ಉಡಿ ತುಂಬಬೇಕು. ಅತ್ತೆ ಹಸಿರು ರವಿಕೆಯನ್ನೇ ತೆಗೆದಿಟ್ಟಿದ್ದರು, ಅವಳಿಗೆ ಇಷ್ಟ ಅಂತ. ಊದಿದ ತೋಳಿಗೆ ಅದು ಏರಲಿಲ್ಲ. ಬೆನ್ನು ಸೀಳಿ ಹಾಕಿಬಿಡೋಣ ಅಂತ ಯಾರೋ ಅಂದರು. ಅತ್ತೆ ನನ್ನನ್ನು ಕರೆದು, "ಸ್ವಲ್ಪ ಬಿಚ್ಚಿ ಅಗಲ ಮಾಡಮ್ಮ, ನಿನ್ನ ಕೈಲಾಗುತ್ತೆ" ಅಂದರು.

ರವಿಕೆಯನ್ನು ಒಳಮೈ ಹೊರಗೆ ಮಾಡಿ ನೋಡಿದೆ. ಒಳಗೆ ಕಾಲಿಂಚೂ ಇರಲಿಲ್ಲ. ಆ ಟೈಲರು ಹೊಲಿಗೆಯ ಪಕ್ಕಕ್ಕೇ ಕತ್ತರಿಸಿಬಿಟ್ಟಿದ್ದ. ಅವನ ಕೆಲಸ ಅವನು ಚೊಕ್ಕವಾಗಿ ಮಾಡಿದ್ದ.

ಟ್ರಂಕು ತೆರೆಸಿದೆ. ಒಂದು ಕಣ ಸಾಲದು ಅಂತ ಎರಡು ತೆಗೆದುಕೊಂಡೆ, ಒಂದು ಕೆಂಪು, ಒಂದು ಅರಿಶಿನದ್ದು. ಪಕ್ಕದ ಮನೆಯವರ ಮಷಿನ್ ತಂದು ಕೋಣೆಯಲ್ಲಿಟ್ಟರು. ಟೇಪು ಇರಲಿಲ್ಲ. ಗೇಣಿನಿಂದ ಅಳೆದೆ. ಬೆನ್ನಿಗೆ ಒಂದು, ಎದೆಗೂ ತೋಳಿಗೂ ಒಂದು, ಕಂಕುಳಲ್ಲಿ ಜೋಡಣೆ. ಮೊದಲು ಅವಳಿಗೆ ಹಿಡಿಯುತ್ತಿದ್ದ ಅದೇ ಒಂದೂವರೆ ಮೀಟರು.

ಅತ್ತೆ ಬಾಗಿಲಲ್ಲಿ ನಿಂತು ನೋಡುತ್ತಿದ್ದರು. "ಪಕ್ಕದಲ್ಲಿ ಅಷ್ಟೊಂದು ಬಟ್ಟೆ ಯಾಕಮ್ಮ ಬಿಡ್ತಿದೀಯ?" ಅಂದರು. ಹೊರಗೆ ಹೊತ್ತಾಯಿತು ಅಂತ ಗಂಡಸರು ಕೂಗುತ್ತಿದ್ದರು.

ಎರಡೂ ಪಕ್ಕಕ್ಕೆ ಎರಡೆರಡು ಇಂಚು ಬಿಟ್ಟು ಹೊಲಿದೆ.